ಸೀರಣಿಗೆಯ ಪರವಾಗಿ

ತಲೆಯ ಒಳಗಿರುವುದನ್ನು ಕುರಿತು ನಮ್ಮ ಶಿಕ್ಷಣತಜ್ಞರು ಬೇಕಾದಷ್ಟು ಬರೆದಿದ್ದಾರೆ. ಬುದ್ಧಿ, ಸ್ಮೃತಿ, ಕಲ್ಪನೆ, ಏಕಾಗ್ರತೆ—ಇವುಗಳಲ್ಲಿ ಒಂದೊಂದಕ್ಕೂ ಗ್ರಂಥಗಳುಂಟು, ಸಮಿತಿಗಳುಂಟು, ವರದಿಗಳುಂಟು. ತಲೆಯ ಮೇಲಿರುವುದನ್ನು ಕುರಿತು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿದ ನನ್ನಂಥವನಿಗೆ, ಈ ಎರಡರಲ್ಲಿ ಮೊದಲನೆಯದನ್ನು ಮಕ್ಕಳು ತರಗತಿಗೆ ತಂದಿದ್ದಾರೆಯೆ ಇಲ್ಲವೆ ಎಂಬ ಸಂದೇಹ ಆಗಾಗ ಬಂದದ್ದುಂಟು; ಎರಡನೆಯದರ ವಿಷಯದಲ್ಲಿ ಅಂಥ ಸಂದೇಹಕ್ಕೆ ಎಡೆಯೇ ಇರಲಿಲ್ಲ. ಒಂದು ಕೈ ಲೇಖನಿಯ ಮೇಲೂ ಇನ್ನೊಂದು ಕೈ ಕಿವಿಯ ಹಿಂದೂ ಇರುವ ಹುಡುಗಿಯನ್ನು ಕಾಣದ ಉಪಾಧ್ಯಾಯನು ನಮ್ಮ ನಾಡಿನಲ್ಲಿ ಇರಲಾರನು.

ನಾನು ಹೇಳಹೊರಟಿರುವುದು ಹೇನಿನ ವಿಷಯ. ಭಾನುವಾರದ ಬೆಳಗ್ಗೆ ಕಾಫಿಯ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು, ಕವಿತೆಯನ್ನೋ ವಿಮರ್ಶೆಯನ್ನೋ ಓದಲೆಂದು ಈ ಪುಟವನ್ನು ತೆರೆದ ವಾಚಕರು ಮುಖ ಸಿಂಡರಿಸುವ ಮುನ್ನ ಒಂದು ಮಾತನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಸಾಹಿತ್ಯಕ್ಕೂ ಶಾಸ್ತ್ರಕ್ಕೂ ಹೇನು ಹೊಸದಲ್ಲ. ಸಂಸ್ಕೃತ ಪಂಚತಂತ್ರದಲ್ಲಿ ರಾಜನ ಹಾಸಿಗೆಯಲ್ಲಿ ಸುಖವಾಗಿ ಬಾಳುತ್ತಿದ್ದ ಹೆಣ್ಣು ಹೇನೊಂದರ ಕಥೆಯಿದೆ. ಅದರ ಹೆಸರು ಮಂದವಿಸರ್ಪಿಣಿ. ಎಂದರೆ ಮೆಲ್ಲಗೆ ಹರಿಯುವವಳು. ಹೆಸರಿಟ್ಟಾತನು ಹೇನನ್ನು ಕಣ್ಣಿಟ್ಟು ನೋಡಿದ್ದನೆಂಬುದರಲ್ಲಿ ನನಗೆ ಸಂಶಯವಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಳತೆಯ ಕೋಷ್ಟಕವೊಂದು ಬರುತ್ತದೆ: ಎಂಟು ಲಿಕ್ಷೆಗೆ ಒಂದು ಯೂಕೆ, ಎಂಟು ಯೂಕೆಗೆ ಒಂದು ಯವಮಧ್ಯ, ಎಂಟು ಯವಮಧ್ಯಕ್ಕೆ ಒಂದು ಅಂಗುಲ. ಲಿಕ್ಷೆಯೆಂದರೆ ಸೀರು, ಯೂಕೆಯೆಂದರೆ ಹೇನು. ಕೋಟೆಗಳನ್ನೂ ರಾಜಬೀದಿಗಳನ್ನೂ ಅಳೆದ ಅಂಗುಲದ ಬುಡದಲ್ಲಿ ಈ ಕ್ಷುದ್ರಪ್ರಾಣಿ ಕುಳಿತಿದೆ! ಗುಜರಾತಿನ ದೊರೆ ಕುಮಾರಪಾಲನ ಕಾಲದಲ್ಲಿ ಹೇನೊಂದನ್ನು ಕೊಂದ ವರ್ತಕನ ಆಸ್ತಿಯಿಂದ ಒಂದು ಬಸದಿಯನ್ನೇ ಕಟ್ಟಿಸಿ ಅದಕ್ಕೆ ಯೂಕಾವಿಹಾರವೆಂದು ಹೆಸರಿಟ್ಟರೆಂದು ಮೇರುತುಂಗನು ಪ್ರಬಂಧಚಿಂತಾಮಣಿಯಲ್ಲಿ ಬರೆದಿದ್ದಾನೆ. ಜೀವದಯೆ ಅಷ್ಟು ದೂರ ಹೋಗಬೇಕೆ ಎಂಬ ಚರ್ಚೆ ಇಲ್ಲಿ ಬೇಡ.

ಇವೆಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಬೇರೊಂದು ಸಂಗತಿ. ಇಸ್ರೇಲಿನ ಲಾಖೀಷ್ ಎಂಬ ಪ್ರಾಚೀನ ನಗರದ ಅಗೆತದಲ್ಲಿ 2016ರಲ್ಲಿ ಸಣ್ಣದೊಂದು ದಂತದ ಬಾಚಣಿಗೆ ಸಿಕ್ಕಿತು. ಮೂರೂವರೆ ಸೆಂಟಿಮೀಟರ್ ಉದ್ದ, ಎರಡೂವರೆ ಸೆಂಟಿಮೀಟರ್ ಅಗಲ. ಒಂದು ಕಡೆ ಸಿಕ್ಕು ಬಿಡಿಸಲು ಆರು ದಪ್ಪ ಹಲ್ಲು, ಇನ್ನೊಂದು ಕಡೆ ಹೇನು ತೆಗೆಯಲು ಹದಿನಾಲ್ಕು ಸಣ್ಣ ಹಲ್ಲು. ಹಲ್ಲಿನ ಸಂದಿಯಲ್ಲಿ ಮರಿಹೇನಿನ ಚಿಪ್ಪಿನ ಚೂರು ಕೂಡ ಉಳಿದಿತ್ತು. ಅದರ ಮೈಮೇಲೆ ಗೀರಿದ್ದ ಹದಿನೇಳು ಅಕ್ಷರಗಳನ್ನು ಓದಿ 2022ರಲ್ಲಿ ಪ್ರಕಟಿಸಿದರು. ತಲೆಗೂದಲಿನ, ಗಡ್ಡದ ಹೇನುಗಳನ್ನು ಈ ದಂತವು ಕಿತ್ತುಹಾಕಲಿ ಎಂಬ ಹಾರೈಕೆ ಅದು. ಕಾಲ ಸುಮಾರು ಕ್ರಿ. ಪೂ. 1700. ಅಕ್ಷರಮಾಲೆಯಲ್ಲಿ ಬರೆದು ಇದುವರೆಗೆ ದೊರೆತಿರುವ ಪೂರ್ಣವಾಕ್ಯಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಅದನ್ನು ಓದಿದ ವಿದ್ವಾಂಸರ ಮತ. ಹಲ್ಮಿಡಿಯ ಕಲ್ಲಿನ ಮೇಲೆ ನಮ್ಮ ಕನ್ನಡವು ಯುದ್ಧವನ್ನೂ ದತ್ತಿಯನ್ನೂ ಕುರಿತು ಮಾತನಾಡಿತು. ಅಕ್ಷರಗಳನ್ನು ಹೊಸದಾಗಿ ಕಲಿತ ಆ ಜನ ಬರೆದಿಟ್ಟದ್ದು ಪ್ರತಿಯೊಬ್ಬ ತಾಯಿಯೂ ಮಗುವಿನ ತಲೆ ಬಾಚುವಾಗ ಮನಸ್ಸಿನಲ್ಲಿ ಅಂದುಕೊಳ್ಳುವ ಮಾತನ್ನು.

ಈ ಬಾಚಣಿಗೆಯಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಆ ಸೀಮೆಯಲ್ಲಿ ಆಗ ಆನೆಗಳಿರಲಿಲ್ಲ. ದಂತ ಹೊರನಾಡಿನಿಂದ ಬರಬೇಕಾಗಿತ್ತು. ಅದನ್ನು ಕೊಳ್ಳುವ ಶಕ್ತಿ ಸಿರಿವಂತರಿಗೆ ಮಾತ್ರ ಇದ್ದೀತು. ಮಂದವಿಸರ್ಪಿಣಿ ವಾಸಿಸಿದ್ದೂ ಅರಮನೆಯ ಹಂಸತೂಲಿಕೆಯಲ್ಲಿಯೇ ಹೊರತು ಗುಡಿಸಿಲ ಚಾಪೆಯಲ್ಲಲ್ಲ. ಹೇನೆಂಬುದು ಬಡವರ ಸ್ವತ್ತು, ಕೊಳಕಿನ ಕೂಸು ಎಂಬ ತೀರ್ಪು ಹಳಬರಿಗೆ ತಿಳಿದಿದ್ದಂತೆ ಕಾಣುವುದಿಲ್ಲ. ಅದು ನಮ್ಮ ಶಾಲೆಗಳಲ್ಲಿ ಈಗ ದಿನನಿತ್ಯ ಕೊಡುತ್ತಿರುವ ತೀರ್ಪು.

ಕೆಲವು ವರ್ಷಗಳ ಕೆಳಗೆ ಪರೀಕ್ಷೆಯ ಕೆಲಸಕ್ಕಾಗಿ ಒಂದು ಶಾಲೆಗೆ ಹೋಗಿದ್ದೆ. ಯಾವ ಊರು, ಯಾವ ಶಾಲೆ ಎಂಬುದು ಬೇಡ. ಐದನೆಯ ತರಗತಿಯ ಬಾಗಿಲ ಬಳಿ, ಬೆಂಚುಗಳಿಂದ ದೂರವಾಗಿ, ಗೋಣಿಚೀಲವೊಂದರ ಮೇಲೆ ಒಬ್ಬ ಹುಡುಗಿ ಕುಳಿತಿದ್ದಳು. ತಲೆ ನುಣ್ಣಗೆ ಬೋಳಿಸಿತ್ತು. ಜಡೆಗೆ ಕಟ್ಟಲಾಗದ ಕೆಂಪು ರಿಬ್ಬನ್ನನ್ನು ಆಕೆ ಮಣಿಕಟ್ಟಿಗೆ ಸುತ್ತಿಕೊಂಡಿದ್ದಳು. ವಿಚಾರಿಸಿದಾಗ ತರಗತಿಯ ಉಪಾಧ್ಯಾಯಿನಿ, "ಹೇನು ಸಾರ್. ಎಷ್ಟು ಸಲ ಹೇಳಿ ಕಳುಹಿಸಿದರೂ ಮನೆಯವರಿಗೆ ಗಮನವಿಲ್ಲ. ಆ ಕೇರಿಯ ಮಕ್ಕಳೆಲ್ಲ ಹೀಗೆಯೇ" ಎಂದರು. ಕೇರಿ ಎಂಬ ಮಾತಿನ ಮೇಲೆ ಆಕೆ ಇಟ್ಟ ಒತ್ತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಕೂದಲೇ ಇಲ್ಲದ ತಲೆಯಲ್ಲಿ ಹೇನು ಇರುವುದು ಹೇಗೆ ಎಂದು ಕೇಳಿದೆ. ಉತ್ತರ ಬರಲಿಲ್ಲ. ಮುಖ್ಯೋಪಾಧ್ಯಾಯರು ಸಜ್ಜನರು, ಅವರೊಡನೆ ಮಾತನಾಡಿದ ಮೇಲೆ ಮರುದಿನ ಹುಡುಗಿ ಬೆಂಚಿಗೆ ಬಂದಳು. ಗೋಣಿಚೀಲ ಮಾತ್ರ ಬಾಗಿಲ ಬಳಿ ಹಾಗೆಯೇ ಇತ್ತು.

ಹೇನು ಹೋದ ಮೇಲೂ ಮಗುವನ್ನು ದೂರ ಕೂರಿಸಿದ್ದರೆ, ದೂರವಿಟ್ಟದ್ದು ಹೇನನ್ನಲ್ಲ ಎಂಬುದು ಸ್ಪಷ್ಟ. ಜಾತಿಯ ಹೆಸರಿನಲ್ಲಿ ಮಾಡಲು ಈಗ ಕಾನೂನು ಬಿಡದ ಕೆಲಸವನ್ನು ಶುಚಿತ್ವದ ಹೆಸರಿನಲ್ಲಿ ಮಾಡಬಹುದಾಗಿದೆ. ಈ ಕಾರಣಕ್ಕಾಗಿಯಾದರೂ ಆ ಪ್ರಾಣಿಯ ನಿಜವಾದ ನಡೆವಳಿಕೆಯನ್ನು ನಾವು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ಹೇನು ಎಳ್ಳಿನ ಕಾಳಿನಷ್ಟು ದೊಡ್ಡದು. ಆರು ಕಾಲು, ಕಾಲಿನ ತುದಿಯಲ್ಲಿ ಕೂದಲನ್ನು ಹಿಡಿಯಲು ಕೊಕ್ಕೆ. ರೆಕ್ಕೆಯಿಲ್ಲ, ಚಿಗಟದಂತೆ ನೆಗೆಯುವ ಶಕ್ತಿಯೂ ಇಲ್ಲ. ಹರಿಯುವುದೊಂದೇ ಅದಕ್ಕೆ ಗೊತ್ತು. ದಿನಕ್ಕೆ ಹಲವು ಸಲ ನೆತ್ತರು ಹೀರಬೇಕು. ತಲೆಯಿಂದ ಕೆಳಗೆ ಬಿದ್ದರೆ ಒಂದೆರಡು ದಿನದಲ್ಲಿ ಸಾಯುತ್ತದೆ. ಆದುದರಿಂದ ಬೆಂಚಿನ ಮೇಲೋ ಗೋಣಿಚೀಲದ ಮೇಲೋ ಕುಳಿತು ಹೊಂಚುಹಾಕುವುದು ಅದರ ಸ್ವಭಾವವಲ್ಲ. ಒಂದು ತಲೆ ಇನ್ನೊಂದಕ್ಕೆ ತಗುಲಿದಾಗ ಕೂದಲಿನಿಂದ ಕೂದಲಿಗೆ ದಾಟುವುದೇ ಅದರ ಮುಖ್ಯವಾದ ಹಾದಿ. ಕೊಳೆಯಾದ ಕೂದಲೆಂದು ಅದಕ್ಕೆ ವಿಶೇಷ ಪ್ರೀತಿಯಿಲ್ಲ, ಶುಭ್ರವಾದ ಕೂದಲೆಂದು ಜಿಗುಪ್ಸೆಯೂ ಇಲ್ಲ. ನೀರಿನಲ್ಲಿ ಮುಳುಗಿಸಿದರೂ ಗಂಟೆಗಟ್ಟಲೆ ಬದುಕಬಲ್ಲದು. ಸೀಗೆಕಾಯಿಗಾಗಲಿ ಶಾಂಪೂವಿಗಾಗಲಿ ಅದು ಸುಲಭವಾಗಿ ಜಗ್ಗುವುದಿಲ್ಲ.

ಹಾಗಾದರೆ ಅದು ಹೆಚ್ಚಾಗಿ ಹೆಣ್ಣುಮಕ್ಕಳ ತಲೆಯಲ್ಲಿಯೇ, ಅದರಲ್ಲಿಯೂ ಕೆಳಗಿನ ತರಗತಿಗಳ ಹೆಣ್ಣುಮಕ್ಕಳಲ್ಲಿಯೇ ಕಾಣುವುದು ಏಕೆ? ಉದ್ದ ಕೂದಲು ಒಂದು ಕಾರಣವಿರಬಹುದು. ಮುಖ್ಯವಾದ ಕಾರಣವನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ, ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಅಂಗಳದಲ್ಲಿ ನಿಂತು ನೋಡಿದರೆ ಸಾಕು. ಗಂಡುಹುಡುಗರು ಬಯಲಿನಲ್ಲಿ ಓಡುತ್ತಿರುತ್ತಾರೆ. ಹೆಣ್ಣುಮಕ್ಕಳು ಮರದ ಕೆಳಗೆ ನಾಲ್ಕು ತಲೆಗಳನ್ನು ಒಂದುಗೂಡಿಸಿ ಗುಟ್ಟು ಹೇಳುತ್ತಿರುತ್ತಾರೆ. ಒಂದೇ ಪುಸ್ತಕದ ಮೇಲೆ ಇಬ್ಬರು ಬಾಗಿರುತ್ತಾರೆ. ಒಬ್ಬಳ ಜಡೆಯನ್ನು ಇನ್ನೊಬ್ಬಳು ಹೆಣೆಯುತ್ತಿರುತ್ತಾಳೆ. ಹೇನು ಸ್ನೇಹದ ಸೇತುವೆಯ ಮೇಲೆ ನಡೆದು ಬರುತ್ತದೆ. ಗೆಳತಿಯರೇ ಇಲ್ಲದ ಮಗುವಿಗೆ ಹೇನಿನ ಭಯ ಬಹಳ ಕಡಮೆ.

ರೋಗದ ಮಾತೂ ಹೀಗೆಯೇ. 1909ರಲ್ಲಿ ಷಾರ್ಲ್ ನಿಕೋಲ್ ಎಂಬ ಫ್ರೆಂಚ್ ವೈದ್ಯನು ಟ್ಯೂನಿಸ್ ನಗರದಲ್ಲಿ ಟೈಫಸ್ ಜ್ವರವನ್ನು ಹೇನು ಹರಡುತ್ತದೆಂದು ತೋರಿಸಿಕೊಟ್ಟು, 1928ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಆದರೆ ಅದು ಮೈಹೇನು. ಬಟ್ಟೆಯ ಹೊಲಿಗೆಗಳಲ್ಲಿ ಅಡಗಿದ್ದು, ಯುದ್ಧದಲ್ಲಿಯೂ ಸೆರೆಮನೆಗಳಲ್ಲಿಯೂ ಬಟ್ಟೆ ಬದಲಿಸಲಾರದ ಜನರನ್ನು ಕಾಡಿದ್ದು. ಶಾಲೆಯ ಮಗುವಿನ ತಲೆಯ ಹೇನು ಆ ಬಗೆಯ ಜ್ವರಗಳನ್ನು ಹರಡುವುದೆಂದು ವೈದ್ಯರು ಎಣಿಸುವುದಿಲ್ಲ. ಅದರ ಕಾಟವೆಂದರೆ ತುರಿಕೆ, ನಿದ್ದೆಗೇಡು, ಕೆರೆದು ಕೆರೆದು ಆಗುವ ಹುಣ್ಣು. ಇವೇನೂ ಅಲ್ಪವಲ್ಲ, ರಾತ್ರಿಯೆಲ್ಲ ಕೆರೆದುಕೊಂಡ ಮಗುವಿಗೆ ಬೆಳಗ್ಗೆ ಸಂಧಿ-ಸಮಾಸ ಹತ್ತಲಾರದು. ಮೈಹೇನಿನ ಅಪಕೀರ್ತಿಯನ್ನು ತಲೆಹೇನಿಗೆ ಕಟ್ಟಿ, ತಲೆಹೇನಿನ ಅಪಕೀರ್ತಿಯನ್ನು ತಾಯಿಗೆ ಕಟ್ಟಿರುವುದು ಮಾತ್ರ ಎರಡು ಪಟ್ಟು ಅನ್ಯಾಯ.

ಮಗುವನ್ನು ಮನೆಗೆ ಕಳುಹಿಸುವ ಪದ್ಧತಿಯಂತೂ ಲೆಕ್ಕಕ್ಕೂ ನಿಲ್ಲುವುದಿಲ್ಲ. ಮೊದಲ ಸಲ ಹೇನು ಹತ್ತಿದ ಮಗುವಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಕೈ ತಲೆಗೆ ಹೋಗುವ ಹೊತ್ತಿಗೆ ಆ ಮಗು ಹೇನಿನೊಡನೆ ಒಂದು ತಿಂಗಳ ಪಾಠವನ್ನು ಕೇಳಿ ಮುಗಿಸಿರುತ್ತದೆ. ಅಂದಿನ ಮಧ್ಯಾಹ್ನ ಮನೆಗೆ ಅಟ್ಟಿದರೆ ಯಾರಿಗೆ ಏನು ರಕ್ಷಣೆ? ಸೀರನ್ನು ಕಂಡು ಬೆಚ್ಚುವವರು ಇನ್ನೂ ಒಂದು ವಿಷಯ ತಿಳಿದಿರಬೇಕು. ಹೇನು ಮೊಟ್ಟೆಯನ್ನು ಕೂದಲಿನ ಬುಡದಲ್ಲಿ ಅಂಟಿಸುತ್ತದೆ. ವಾರ ಹತ್ತು ದಿನಗಳಲ್ಲಿ ಅದು ಒಡೆಯುತ್ತದೆ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಬುಡದಿಂದ ಅಷ್ಟು ದೂರ ಸರಿದ ಬಿಳಿಯ ಸೀರು ಬಹುಮಟ್ಟಿಗೆ ಬರಿಯ ಚಿಪ್ಪು. ಹೇನಿಗಾಗಲಿ ಸೀರಿಗಾಗಲಿ ಆರೋಗ್ಯವಾಗಿರುವ ಮಗುವನ್ನು ಶಾಲೆಯಿಂದ ಹೊರಗಿಡಬಾರದೆಂದು ಅಮೆರಿಕದ ಶಿಶುವೈದ್ಯರ ಅಕಾಡೆಮಿ 2022ರ ವರದಿಯಲ್ಲಿಯೂ ಅದಕ್ಕೆ ಮುಂಚೆಯೂ ಹೇಳಿದೆ.

ಇನ್ನು ಪರಿಹಾರದ ಮಾತು. ಇಲ್ಲಿಯೇ ನಮ್ಮ ಅವಸರ ನಮ್ಮನ್ನು ಕೆಡಿಸಿರುವುದು. ಡಿ.ಡಿ.ಟಿ.ಗೆ ಕೀಟಗಳನ್ನು ಕೊಲ್ಲುವ ಶಕ್ತಿಯಿದೆಯೆಂದು 1939ರಲ್ಲಿ ಪೌಲ್ ಮ್ಯೂಲರ್ ಕಂಡುಹಿಡಿದನು. 1943-44ರಲ್ಲಿ ನೇಪಲ್ಸ್ ನಗರದ ಜನರ ಅಂಗಿಯೊಳಗೆಲ್ಲ ಆ ಪುಡಿಯನ್ನು ಊದಿ ಟೈಫಸ್ ಹಾವಳಿಯನ್ನು ಅಡಗಿಸಿದರು. ಹೇನಿನ ವಂಶ ಮುಗಿಯಿತೆಂದೇ ಎಲ್ಲರೂ ತಿಳಿದರು. ಹತ್ತು ವರ್ಷವೂ ತುಂಬಲಿಲ್ಲ; ಕೊರಿಯದ ಯುದ್ಧಕಾಲದಲ್ಲಿ ಅದೇ ಪುಡಿಯನ್ನು ಹಾಕಿದರೆ ಮೈಹೇನುಗಳು ಸಾಯಲೇ ಇಲ್ಲ. ಆಮೇಲೆ ಒಂದಾದ ಮೇಲೊಂದು ಔಷಧ ಬಂದಿತು. ಈಗ ಅಂಗಡಿಗಳಲ್ಲಿ ಸಿಗುವ ಪರ್ಮೆಥ್ರಿನ್ ಕೂಡ ಅನೇಕ ದೇಶಗಳಲ್ಲಿ ಮೊದಲಿನಂತೆ ಕೆಲಸ ಮಾಡುತ್ತಿಲ್ಲ. ಮೂರು ನಾಲ್ಕು ವಾರಕ್ಕೆ ಒಂದು ತಲೆಮಾರು ಕಾಣುವ ಪ್ರಾಣಿಯೊಡನೆ ವಿಷದ ಪಂದ್ಯವನ್ನು ಹೂಡಿ ಗೆಲ್ಲುವುದು ಕಷ್ಟ.

ಔಷಧವೇ ಬೇಡವೆಂದು ನಾನು ಹೇಳುತ್ತಿಲ್ಲ. ವೈದ್ಯರು ಹೇಳಿದ ಲೋಷನ್ನನ್ನು ಹೇಳಿದಷ್ಟು ಹೊತ್ತು ಹಚ್ಚಿ, ಉಳಿದ ಮೊಟ್ಟೆಗಳು ಒಡೆಯುವುದನ್ನು ಕಾದು, ವಾರ ಹತ್ತು ದಿನಗಳ ಮೇಲೆ ಮತ್ತೊಮ್ಮೆ ಹಚ್ಚಿದರೆ ಪ್ರಯೋಜನವುಂಟು. ಡೈಮೆತಿಕೋನ್ ಎಂಬ ಜಿಡ್ಡಿನ ದ್ರವವು ವಿಷದಿಂದಲ್ಲದೆ ಹೇನನ್ನು ಮುಚ್ಚಿ ಕೊಲ್ಲುತ್ತದಾದ್ದರಿಂದ ಅದಕ್ಕೆ ಹೇನು ಒಗ್ಗಿಕೊಳ್ಳುವುದು ಸುಲಭವಲ್ಲ. ನನಗೆ ಭಯವಿರುವುದು ಅವಮಾನಕ್ಕೆ ಹೆದರಿದ ತಾಯಿಯು ಒಂದೇ ರಾತ್ರಿಯಲ್ಲಿ ಹೇನನ್ನು ಮುಗಿಸಲು ಹುಡುಕುವ ದಾರಿಗಳ ವಿಷಯದಲ್ಲಿ. ಸೀಮೆಎಣ್ಣೆ ಹಚ್ಚುವವರುಂಟು, ಒಲೆಯ ಮುಂದೆ ಕುಳಿತ ಮಗುವಿನ ತಲೆಗೆ ಅದು ಏನು ಮಾಡಬಲ್ಲುದೆಂದು ವಿವರಿಸಬೇಕಾಗಿಲ್ಲ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ನೀರಿಗೆ ಬೆರಸಿ ತಲೆಗೆ ಸವರುವವರುಂಟು. ಅದು ಚರ್ಮದ ಮೂಲಕವೇ ಮೈಯೊಳಕ್ಕೆ ಇಳಿಯುತ್ತದೆ. ಸೀತಾಫಲದ ಬೀಜವನ್ನು ಅರೆದು ಹಚ್ಚುವುದು ನಮ್ಮ ಹಳ್ಳಿಗಳ ಹಳೆಯ ಮದ್ದು. ಅದರ ಒಂದಿಷ್ಟು ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಯ ಭಾಗದ ಮೇಲಿನ ಪೊರೆಯೇ ಗಾಯವಾಗುತ್ತದೆ. ಅಂಥ ಮಕ್ಕಳನ್ನು ನಮ್ಮ ಕಣ್ಣಿನ ವೈದ್ಯರು ಕಂಡಿದ್ದಾರೆ. ತಲೆ ಬೋಳಿಸುವುದು ನೆಗಡಿಯೆಂದು ಮೂಗು ಕೊಯ್ದುಕೊಂಡಂತೆ. ಹತ್ತು ವರ್ಷದ ಹುಡುಗಿಗೆ ಜಡೆಯೆಂಬುದು ಏನೆಂದು ಬೋಳಿಸುವವರು ಒಮ್ಮೆಯಾದರೂ ಕೇಳಿದ್ದಾರೆಯೆ?

ಉಳಿಯುವುದು ಸೀರಣಿಗೆ, ಸೀರನ್ನೂ ಎಳೆದು ತರುವಷ್ಟು ಒತ್ತಾದ ಹಲ್ಲುಗಳುಳ್ಳ ಬಾಚಣಿಗೆ. ಅದನ್ನು ಬಳಸುವುದಕ್ಕೆ ಒಂದು ಕ್ರಮವಿದೆ. ಕೂದಲನ್ನು ತೊಳೆದು, ಒದ್ದೆಯಿರುವಾಗಲೇ ಕೊಬ್ಬರಿಎಣ್ಣೆಯನ್ನೋ ಕಂಡೀಷನರನ್ನೋ ಧಾರಾಳವಾಗಿ ಹಚ್ಚಬೇಕು. ಎಣ್ಣೆ ಹೇನನ್ನು ಖಂಡಿತ ಕೊಲ್ಲುತ್ತದೆಂಬ ನಂಬಿಕೆ ಬೇಡ. ಅದು ಹೇನಿನ ಓಟವನ್ನು ತಗ್ಗಿಸುತ್ತದೆ, ಹಣಿಗೆಯನ್ನು ಜಾರಿಸುತ್ತದೆ. ದೊಡ್ಡ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ, ಆಮೇಲೆ ಎಳೆ ಎಳೆಯಾಗಿ ಪಾಲು ಮಾಡಿ, ಬುಡದಿಂದ ತುದಿಯವರೆಗೆ ಸೀರಣಿಗೆಯನ್ನು ಎಳೆದು, ಪ್ರತಿ ಸಲವೂ ಬಿಳಿಯ ಬಟ್ಟೆಗೆ ಒರೆಸಬೇಕು. ಉದ್ದ ಕೂದಲಿಗೆ ಅರ್ಧ ಗಂಟೆಯಾದರೂ ಬೇಕು. ಒಂದನೆಯ, ಐದನೆಯ, ಒಂಬತ್ತನೆಯ, ಹದಿಮೂರನೆಯ ದಿನ ಹೀಗೆ ಮಾಡಿದರೆ, ಈ ನಡುವೆ ಮೊಟ್ಟೆಯೊಡೆದ ಮರಿಗಳು ದೊಡ್ಡವಾಗಿ ಮತ್ತೆ ಮೊಟ್ಟೆಯಿಡುವ ಮುನ್ನವೇ ಹೊರಬರುತ್ತವೆ. ಮನೆಯವರೆಲ್ಲರ ತಲೆಯನ್ನೂ ಅದೇ ದಿನ ನೋಡಬೇಕು. ಮಗಳ ತಲೆಯಿಂದ ಹೊರಟದ್ದು ಅಜ್ಜಿಯ ತುರುಬಿನಲ್ಲಿ ತಂಗಿದ್ದು ಹಿಂದಿರುಗುವುದುಂಟು.

ಇದು ಬರಿಯ ಅಜ್ಜಿಯ ಮಾತಲ್ಲ. ಬ್ರಿಟನ್ನಿನಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 2000ದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಒದ್ದೆ ಬಾಚಣಿಗೆಯಿಂದ ನೂರಕ್ಕೆ 38 ಮಕ್ಕಳೂ ಮ್ಯಾಲಥಿಯಾನ್ ಔಷಧದಿಂದ 78 ಮಕ್ಕಳೂ ಗುಣವಾದರು. ನನ್ನ ಪಕ್ಷ ಅಲ್ಲಿ ಸೋತಿತು. 2005ರ ಇನ್ನೊಂದು ಪರೀಕ್ಷೆಯಲ್ಲಿ, ಹಣಿಗೆಯನ್ನು ಇನ್ನಷ್ಟು ಉತ್ತಮಗೊಳಿಸಿ, ಅಂಗಡಿಯ ಔಷಧಗಳನ್ನು ಒಂದೇ ಸಲ ಹಚ್ಚಿದ್ದಕ್ಕೆ ಹೋಲಿಸಿದಾಗ, ಬಾಚಿದವರಲ್ಲಿ ನೂರಕ್ಕೆ 57, ಔಷಧ ಹಚ್ಚಿದವರಲ್ಲಿ 13. ಎರಡನ್ನೂ ಒಟ್ಟಿಗೆ ಓದಿದರೆ ನನಗೆ ತೋರುವುದು ಇಷ್ಟು: ಹಲ್ಲು ಸರಿಯಾಗಿದ್ದು, ಕೈಗೆ ತಾಳ್ಮೆಯಿದ್ದರೆ ಸೀರಣಿಗೆ ಔಷಧಕ್ಕೆ ಸಾಟಿಯಾಗಬಲ್ಲದು, ಎರಡೂ ಇಲ್ಲದಿದ್ದರೆ ಆಗಲಾರದು.

ತಾಳ್ಮೆಯೆಂದೆ, ವಾಸ್ತವವಾಗಿ ಬೇಕಾದದ್ದು ಬಿಡುವು. ನಮ್ಮ ಬಾಲ್ಯದಲ್ಲಿ ಹೇನು ನೋಡುವುದಕ್ಕೆ ಹೊತ್ತು ಗೊತ್ತಾಗಿತ್ತು. ಮಧ್ಯಾಹ್ನದ ಊಟವಾದ ಮೇಲೆ ಜಗಲಿಯ ಮೆಟ್ಟಿಲುಗಳ ಮೇಲೆ ಅಜ್ಜಿ, ಆಕೆಯ ಮುಂದೆ ಸೋದರತ್ತೆ, ಅತ್ತೆಯ ಮುಂದೆ ಅಕ್ಕ, ಅಕ್ಕನ ಮುಂದೆ ಪಕ್ಕದ ಮನೆಯ ಹುಡುಗಿ, ಹೀಗೆ ಸಾಲಾಗಿ ಕುಳಿತು ಒಬ್ಬರ ತಲೆಯನ್ನು ಒಬ್ಬರು ನೋಡುತ್ತಿದ್ದರು. ಹೆಬ್ಬೆರಳ ಉಗುರುಗಳ ನಡುವೆ ಹೇನು ಕುಕ್ಕುವ ಸದ್ದಿನ ಜೊತೆಗೆ ಊರಿನ ಸುದ್ದಿಯೆಲ್ಲ ಅಲ್ಲಿ ವಿಚಾರಣೆಗೆ ಬರುತ್ತಿತ್ತು. ನಾನು ಕೇಳಿದ ಮೊದಲ ಕಥೆಗಳಲ್ಲಿ ಹೆಚ್ಚಿನವು ಆ ಮೆಟ್ಟಿಲ ಮೇಲಿನವು. ಹೇನಿತ್ತು, ನಾಚಿಕೆ ಇರಲಿಲ್ಲ. ಆ ದಿನಗಳನ್ನು ಮರಳಿ ತರಬೇಕೆಂದು ನಾನು ಹಂಬಲಿಸುವುದಿಲ್ಲ. ಆ ಮೆಟ್ಟಿಲಿನ ಮೇಲೆ ಕುಳಿತಿದ್ದ ಹೆಣ್ಣುಮಕ್ಕಳಲ್ಲಿ ಶಾಲೆಯ ಮುಖ ಕಂಡವರು ಒಬ್ಬಿಬ್ಬರು. ಆದರೆ ಇಂದಿನ ತಾಯಿಗೆ ಆ ಹೊತ್ತು ಎಲ್ಲಿದೆ? ಬೆಂಗಳೂರಿನ ಸುತ್ತಮುತ್ತಲ ಗಾರ್ಮೆಂಟ್ ಕಾರ್ಖಾನೆಗೆ ಹೋಗುವವಳು ಬೆಳಕು ಹರಿಯುವ ಮುನ್ನ ಅಡುಗೆ ಮುಗಿಸಿ ಬಸ್ಸು ಹಿಡಿಯುತ್ತಾಳೆ. ಮರಳುವಾಗ ದೀಪ ಹಚ್ಚಿರುತ್ತದೆ. ಆ ಮಂಕು ಬೆಳಕಿನಲ್ಲಿ ಎಳ್ಳಿನ ಗಾತ್ರದ ಪ್ರಾಣಿಯನ್ನು ಹುಡುಕು ಎನ್ನುವುದು, ಹುಡುಕಲಿಲ್ಲವೆಂದು ಗಮನವಿಲ್ಲದವಳೆನ್ನುವುದು, ನ್ಯಾಯವೆ? ಮನೆ ಬಿಟ್ಟು ವಸತಿಶಾಲೆಗಳಲ್ಲಿ ಸಾಲಾಗಿ ಮಲಗುವ ಹೆಣ್ಣುಮಕ್ಕಳಿಗಂತೂ ತಲೆ ನೋಡುವ ತಾಯಿಯೇ ಹತ್ತಿರವಿಲ್ಲ.

ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಅದರ ವೈದ್ಯ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರಬೇಕೆಂಬ ನಿಯಮವಿದೆ. ಹೃದಯದ ದೋಷವನ್ನೂ ಕಣ್ಣಿನ ಮಂದತೆಯನ್ನೂ ಕಂಡುಹಿಡಿಯಲು ಅದು ಒಳ್ಳೆಯ ಏರ್ಪಾಡು. ಎರಡು ವಾರದಲ್ಲಿ ನಾಲ್ಕು ಸಲ ಮಾಡಬೇಕಾದ ಕೆಲಸಕ್ಕೆ ವರ್ಷಕ್ಕೊಮ್ಮೆ ಬರುವವರು ಏನು ಮಾಡಿಯಾರು? ಇದನ್ನು ಊರಿನವರೇ ಮಾಡಬೇಕು. ವಸತಿಶಾಲೆಯ ಮಕ್ಕಳಿಗೆ ಸಾಬೂನು, ಎಣ್ಣೆ ಕೊಡುವಾಗ ಲೋಹದ ಹಲ್ಲಿನ ಸೀರಣಿಗೆಯೊಂದು ಅದರ ಜೊತೆಗಿರಲಿ. ಪ್ಲಾಸ್ಟಿಕ್ಕಿನದು ಬಾಗುತ್ತದೆ, ಹೇನು ಸಂದಿಯಲ್ಲಿ ನುಸುಳುತ್ತದೆ. ದಿನ ಶಾಲೆಗಳಲ್ಲಿ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ, ಬಿಡುವುಳ್ಳ ತಾಯಂದಿರೂ ಅಜ್ಜಿಯರೂ ಬಂದು, ಹೇನಿದ್ದವರು ಇಲ್ಲದವರು ಎಂಬ ಭೇದವಿಲ್ಲದೆ, ತಲೆ ಬಾಚುವ ಒಂದು ಗಂಟೆಯನ್ನು ಶಾಲಾಭಿವೃದ್ಧಿ ಸಮಿತಿ ಗೊತ್ತುಮಾಡಲಿ. ಎಲ್ಲರ ತಲೆಯನ್ನೂ ನೋಡಿದರೆ ಯಾರ ತಲೆಯೂ ಬೇರೆಯಾಗುವುದಿಲ್ಲ. ಹುಡುಗರ ತಲೆಯನ್ನೂ ನೋಡಲಿ, ಅಲ್ಲಿಯೂ ಸಿಕ್ಕೀತು.

ಇದನ್ನು ಹೇಳಿದಾಗ ಹಿರಿಯ ಉಪಾಧ್ಯಾಯ ಮಿತ್ರರೊಬ್ಬರು ನಕ್ಕರು. "ಜನಗಣತಿ ನಮ್ಮದು, ಚುನಾವಣೆ ನಮ್ಮದು, ಬಿಸಿಯೂಟ ನಮ್ಮದು, ಮೊಟ್ಟೆ ಬೇಯಿಸಿ ಎಣಿಸುವುದೂ ನಮ್ಮದಾಯಿತು. ಇನ್ನು ಹೇನಿನ ಮೊಟ್ಟೆಯನ್ನೂ ಎಣಿಸಬೇಕೆ?" ಎಂದರು. ಅವರ ಆಕ್ಷೇಪಣೆಯಲ್ಲಿ ಸತ್ಯವಿದೆ. ತಮ್ಮ ಮಗುವಿನ ತಲೆಯನ್ನು ಕಷ್ಟಪಟ್ಟು ಶುದ್ಧಮಾಡಿದ ತಾಯಿ, ಪಕ್ಕದ ಮಗುವಿನಿಂದ ಮತ್ತೆ ಹತ್ತಿತೆಂದು ಶಾಲೆಗೆ ಬಂದು ಜಗಳವಾಡುವುದರಲ್ಲಿಯೂ ಸತ್ಯವಿದೆ. ಉಪಾಧ್ಯಾಯರು ಹೇನು ನೋಡಬೇಕೆಂದು ನಾನು ಕೇಳುವುದಿಲ್ಲ. ಕೆರೆದುಕೊಳ್ಳುವ ಹುಡುಗಿಯ ಹೆಸರನ್ನು ತರಗತಿಯಲ್ಲಿ ಕೂಗದಿರಲಿ, ಆಕೆಯ ಜಾಗವನ್ನು ಬದಲಿಸದಿರಲಿ. ಮನೆಗೆ ಚೀಟಿ ಕಳುಹಿಸಬೇಕಾದರೆ ಆ ತರಗತಿಯ ಎಲ್ಲ ಮನೆಗಳಿಗೂ ಒಂದೇ ಬಗೆಯ ಚೀಟಿಯನ್ನು ಕಳುಹಿಸಲಿ. ಅದರಲ್ಲಿ ಬುದ್ಧಿವಾದ ಬೇಡ; ಬಾಚಬೇಕಾದ ನಾಲ್ಕು ದಿನಗಳ ತಾರೀಖುಗಳನ್ನು ಬರೆದು, ಸೀರಣಿಗೆ ಇಲ್ಲದವರು ಶಾಲೆಯಿಂದ ಒಯ್ಯಬಹುದೆಂದು ಸೇರಿಸಿದರೆ ಸಾಕು.